ಡ್ಯಾನ್ಯೂಬ್ ದಡದಿಂದ ಆಡ್ರಿಯಾನೋಪಲ್‌ವರೆಗೆ

ಗಡಿಯಾಚೆಯ ಜನರನ್ನು ರೋಮನ್ನರು ‘ಬರ್ಬರ’ರೆಂದು ಕರೆದರು. ಗ್ರೀಕರಿಂದ ಬಂದ ಆ ಪದಕ್ಕೆ ಮೊದಲಿದ್ದ ಅರ್ಥ, ತಿಳಿಯದ ಮಾತನ್ನಾಡುವವನು ಎಂದಷ್ಟೆ. ಸಂಸ್ಕೃತದ ಬರ್ಬರ ಶಬ್ದಕ್ಕೂ ತೊದಲುವವನೆಂಬ ಅರ್ಥವುಂಟು. ತರಗತಿಯಲ್ಲಿ ನಾವು ರೋಮ್ ಸಾಮ್ರಾಜ್ಯದ ಪತನಕ್ಕೆ ‘ಬರ್ಬರರ ದಾಳಿ’ ಕಾರಣವೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇವೆ. ಆ ವಾಕ್ಯದ ಹಿಂದಿರುವ ಒಂದು ಯುದ್ಧವನ್ನು ಇಲ್ಲಿ ನೆನೆಯೋಣ.

ಕ್ರಿ.ಶ. 376ರಲ್ಲಿ ಹೂಣರ ಹಾವಳಿಗೆ ನೆಲೆ ಕಳೆದುಕೊಂಡ ಗಾಥ್ ಜನರು ಮಡದಿ ಮಕ್ಕಳೊಡನೆ ಡ್ಯಾನ್ಯೂಬ್ ನದಿಯ ದಡಕ್ಕೆ ಬಂದು ಆಶ್ರಯ ಬೇಡಿದರು. ಪೂರ್ವ ಭಾಗದ ಚಕ್ರವರ್ತಿ ವೇಲೆನ್ಸ್ ಒಪ್ಪಿದನು. ಸೈನ್ಯಕ್ಕೆ ಹೊಸ ಯೋಧರು ದೊರೆಯುವರೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಆದರೆ ಗಡಿಯ ಅಧಿಕಾರಿಗಳಾದ ಲುಪಿಸಿನಸ್ ಮತ್ತು ಮ್ಯಾಕ್ಸಿಮಸ್ ಬಂದವರ ಹಸಿವನ್ನೇ ವ್ಯಾಪಾರವಾಗಿಸಿದರು. ಒಂದು ನಾಯಿಯನ್ನು ತಿನ್ನಲು ಕೊಟ್ಟು ಒಬ್ಬನನ್ನು ಗುಲಾಮನಾಗಿ ಪಡೆದರು; ಗಾಥ್ ಮುಖಂಡರ ಮಕ್ಕಳೂ ಹೀಗೆ ಬಿಕರಿಯಾದರು. ಇದನ್ನು ಬರೆದಿಟ್ಟವನು ಗಾಥನಲ್ಲ, ರೋಮ್ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್. ಬಳಿಕ ಲುಪಿಸಿನಸ್ ಗಾಥ್ ನಾಯಕರನ್ನು ಔತಣಕ್ಕೆ ಕರೆದು ಅವರ ಅಂಗರಕ್ಷಕರನ್ನು ಕೊಲ್ಲಿಸಿದನು. ನಾಯಕ ಫ್ರಿಟಿಗರ್ನ್ ಪಾರಾಗಿ ಬಂದನು, ದಂಗೆ ಹೊತ್ತಿಕೊಂಡಿತು.

378ರ ಆಗಸ್ಟ್ 9ರಂದು, ಇಂದು ತುರ್ಕಿಯ ಎದಿರ್ನೆಯಾಗಿರುವ ಆಡ್ರಿಯಾನೋಪಲ್ ಬಳಿ ಸೈನ್ಯಗಳು ಎದುರಾದವು. ನೆರವಿಗೆ ಬರುತ್ತಿದ್ದ ಪಶ್ಚಿಮದ ಚಕ್ರವರ್ತಿ ಗ್ರೇಷಿಯನ್‌ಗಾಗಿ ವೇಲೆನ್ಸ್ ಕಾಯಲಿಲ್ಲ. ಬಿರುಬಿಸಿಲಿನಲ್ಲಿ ನಡೆದು ಬಂದ ರೋಮನ್ ಸೈನಿಕರು ಹಸಿವು ಬಾಯಾರಿಕೆಗಳಿಂದ ಬಳಲಿದ್ದರು. ಗಾಥರು ಬಂಡಿಗಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಸುತ್ತಲ ಬಯಲಿಗೆ ಬೆಂಕಿಯಿಟ್ಟು, ಸಂಧಾನದ ಮಾತುಗಳಲ್ಲಿ ಹೊತ್ತು ಕಳೆದರು. ಅಷ್ಟರಲ್ಲಿ ಕೆಲವು ರೋಮನ್ ತುಕಡಿಗಳು ಆತುರಪಟ್ಟು ಮುನ್ನುಗ್ಗಿದವು. ಅದೇ ಗಳಿಗೆಯಲ್ಲಿ ದೂರ ಹೋಗಿದ್ದ ಗಾಥ್ ಅಶ್ವಸೈನ್ಯ ಮರಳಿ ಬಂದು ಮೇಲೆರಗಿತು. ಕತ್ತಿಯನ್ನು ಬೀಸಲೂ ಎಡೆಯಿಲ್ಲದಂತೆ ಕಾಲಾಳುಗಳು ಒತ್ತೊತ್ತಾಗಿ ಸಿಲುಕಿದರು. ಮೂರರಲ್ಲಿ ಒಂದು ಪಾಲು ಸೈನ್ಯವೂ ಉಳಿಯಲಿಲ್ಲವೆನ್ನುತ್ತಾನೆ ಅಮ್ಮಿಯಾನಸ್. ಚಕ್ರವರ್ತಿಯ ದೇಹವೂ ಸಿಗಲಿಲ್ಲ.

382ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಗಾಥರೊಡನೆ ಒಪ್ಪಂದ ಮಾಡಿಕೊಂಡು, ಸಾಮ್ರಾಜ್ಯದೊಳಗೇ ಅವರಿಗೆ ನೆಲೆ ಕೊಟ್ಟನು. ಆರು ವರ್ಷಗಳ ಹಿಂದೆ ನದಿಯ ದಡದಲ್ಲಿ ಅವರು ಕೈಯೊಡ್ಡಿ ಬೇಡಿದ್ದೂ ಅದನ್ನೇ.

ಆ ಶತಮಾನದಲ್ಲೇ ಉಲ್ಫಿಲಾ ಎಂಬ ಬಿಷಪ್ಪನು ಗಾಥರ ನುಡಿಗೆ ಲಿಪಿಯನ್ನು ರೂಪಿಸಿ ಬೈಬಲನ್ನು ಅನುವಾದಿಸಿದ್ದನು. ತಿಳಿಯದ ಮಾತಿನವರೆಂದು ಕರೆಸಿಕೊಂಡವರಿಗೆ ತಮ್ಮದೇ ಅಕ್ಷರಗಳಿದ್ದವು. ಗಡಿಯಲ್ಲಿ ನಿಂತು ನೂರು ವರ್ಷ ನಮ್ಮ ನುಡಿಯ ಅಕ್ಷರ ಕಲಿಸಿದ ಶಾಲೆಯವರಾದ ನಾವು ಇದನ್ನು ಮರೆಯಲಾಗದು. ‘ಬರ್ಬರ’ ಎಂಬ ಪದ ಪಾಠದಲ್ಲಿ ಬಂದಾಗ, ಹಾಗೆ ಕರೆದವರು ಯಾರು ಎಂದು ನಮ್ಮ ಮಕ್ಕಳು ಕೇಳುವಂತಾಗಲಿ.