ಹೊರೆ ಮತ್ತು ಬಾಗು: ಯುವಕರ ಖಿನ್ನತೆಯ ಚರಿತ್ರೆಯಲ್ಲಿ ಬಳ್ಳಾರಿ

ಬಳ್ಳಾರಿ ಎಂದೊಡನೆ ಗಣಿ, ಬಿಸಿಲು ಮತ್ತು ಜೀನ್ಸ್ ಉಡುಪು ನೆನಪಾಗುತ್ತವೆ. ಆದರೆ ಭಾರತದ ಮಾನಸಿಕ ಆರೋಗ್ಯ ಸೇವೆಯ ಚರಿತ್ರೆಯಲ್ಲಿಯೂ ಈ ಜಿಲ್ಲೆಗೆ ಒಂದು ವಿಶೇಷ ಸ್ಥಾನವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) 1985ರಿಂದ 1990ರವರೆಗೆ ಇಲ್ಲಿ ಒಂದು ಮಹತ್ವದ ಪ್ರಯೋಗ ನಡೆಸಿತು. ಸಾಮಾನ್ಯ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರು ಮಾನಸಿಕ ಕಾಯಿಲೆಯನ್ನು ಗುರುತಿಸಿ ಉಪಚರಿಸಬಲ್ಲರೇ ಎಂಬುದು ಆ ಪ್ರಯೋಗದ ಪ್ರಶ್ನೆ.

ಬಳ್ಳಾರಿ ಮಾದರಿ

ಅಂದಿನ ಜಿಲ್ಲೆ ಇಂದಿಗಿಂತ ಬಹಳ ದೊಡ್ಡದು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹೊಸಪೇಟೆ, ಹಡಗಲಿ, ಹರಪನಹಳ್ಳಿಗಳೂ ಅದರಲ್ಲಿದ್ದವು. ಸಿರುಗುಪ್ಪ ಒಂದು ತಾಲ್ಲೂಕು. ಕುರುಗೋಡು ಇನ್ನೂ ತಾಲ್ಲೂಕಾಗಿರಲಿಲ್ಲ. ಮನಸ್ಸಿನ ಕಾಯಿಲೆಗೆ ಮದ್ದು ಬೇಕೆಂದರೆ ಬೆಂಗಳೂರು ಇಲ್ಲವೇ ಧಾರವಾಡದ ದಾರಿ ಹಿಡಿಯಬೇಕಿತ್ತು. ದಿನಗೂಲಿಯ ಕುಟುಂಬಕ್ಕೆ ಅದು ಆಗದ ಮಾತು.

ನಿಮ್ಹಾನ್ಸ್ ಇದಕ್ಕೆ ಮೊದಲೇ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಗ್ರಾಮೀಣ ಸೇವೆಯ ಪಾಠಗಳನ್ನು ಕಲಿತಿತ್ತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ರೂಪುಗೊಂಡಿತ್ತು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್ ಮೊದಲಾದ ತಜ್ಞರು ಈ ಅನುಭವವನ್ನು ಇಡೀ ಜಿಲ್ಲೆಗೆ ಅನ್ವಯಿಸಲು ಮುಂದಾದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಅಗತ್ಯ ಔಷಧಿಗಳನ್ನು ಅಲ್ಲಿಯೇ ಒದಗಿಸಿ, ಜಿಲ್ಲಾ ಮಟ್ಟದಲ್ಲಿ ಒಂದು ಮಾನಸಿಕ ಆರೋಗ್ಯ ತಂಡವನ್ನು ನಿಲ್ಲಿಸಲಾಯಿತು. ಪ್ರಯೋಗ ಫಲಿಸಿತು. ಇದನ್ನೇ ಆಧಾರವಾಗಿಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಈಗ ಅದು 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಮಂಜೂರಾಗಿದೆ.

ಆದರೆ ಆರಂಭದಲ್ಲಿ ಕಾರ್ಯಕ್ರಮದ ಮುಖ್ಯ ಗಮನ ಇದ್ದದ್ದು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಕಡೆಗೆ. ಇವು ಎದ್ದು ಕಾಣುವ ಕಾಯಿಲೆಗಳು. ಎದ್ದು ಕಾಣದ ಕಾಯಿಲೆಯೊಂದಿದೆ: ಖಿನ್ನತೆ. ಅದರಲ್ಲಿಯೂ ಸಮಾಜ ಕೀಳಾಗಿ ಕಾಣುವ ಮನೆಗಳಿಂದ ಬಂದ ಯುವಕರ ಖಿನ್ನತೆ ಬಹುಕಾಲ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಇದೇಕೆ ಹೀಗೆ? ಉತ್ತರಕ್ಕಾಗಿ ‘ಒತ್ತಡ’ ಎಂಬ ಪದದ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಭೌತವಿಜ್ಞಾನದಿಂದ ಎರವಲು ಬಂದ ಪದ

ಒಂದು ತಂತಿಗೆ ತೂಕ ಕಟ್ಟಿದಾಗ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲವೇ ಸ್ಟ್ರೆಸ್. ಅದರಿಂದ ತಂತಿ ಹಿಗ್ಗುವ ಪ್ರಮಾಣವೇ ಸ್ಟ್ರೇನ್. ಒಂದು ಹೊರೆಗೆ ಸಂಬಂಧಿಸಿದ್ದು, ಇನ್ನೊಂದು ಬಾಗಿಗೆ ಸಂಬಂಧಿಸಿದ್ದು. ಇದನ್ನು ಪಿಯುಸಿಯಲ್ಲಿ ಭೌತವಿಜ್ಞಾನ ಕಲಿತ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಿರುತ್ತಾನೆ.

ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪತ್ರ ಪ್ರಕಟಿಸಿದ. ಚಳಿ, ಗಾಯ, ವಿಷ ಹೀಗೆ ಹಾನಿ ಯಾವುದೇ ಇರಲಿ, ಇಲಿಯ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ ಎಂಬುದು ಅದರ ಸಾರ. ಮುಂದೆ ಆತ ಈ ಪ್ರತಿಕ್ರಿಯೆಯನ್ನು ‘ಸ್ಟ್ರೆಸ್’ ಎಂದು ಕರೆದ. ತನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿರಲಿಲ್ಲ, ‘ಸ್ಟ್ರೇನ್’ ಎನ್ನಬೇಕಾಗಿತ್ತು ಎಂದು ಆತನೇ ನಂತರ ಹೇಳಿಕೊಂಡ. ಹೀಗೆ ಬಾಗಿಗೆ ಹೊರೆಯ ಹೆಸರು ಬಂದಿತು. ಪರಿಣಾಮವಾಗಿ, ಮನುಷ್ಯ ಬಾಗಿದ್ದನ್ನು ಅಳೆಯುವ ನಾವು ಅವನ ಮೇಲಿರುವ ಹೊರೆಯನ್ನು ಅಳೆಯುವುದನ್ನು ಸುಲಭವಾಗಿ ಮರೆಯುತ್ತೇವೆ.

ಅಳತೆ ತಪ್ಪಿದ ಬಗೆ

ಈ ಮರೆವು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿ ಸ್ಪಷ್ಟ ದಾಖಲೆಗಳಿವೆ. ಅಲ್ಲಿನ 1840ರ ಜನಗಣತಿಯ ಪ್ರಕಾರ ಉತ್ತರ ರಾಜ್ಯಗಳ ಸ್ವತಂತ್ರ ಕಪ್ಪು ಜನರಲ್ಲಿ ಬುದ್ಧಿಭ್ರಮಣೆ ವಿಪರೀತವಾಗಿತ್ತು. ‘ಸ್ವಾತಂತ್ರ್ಯ ಇವರಿಗೆ ಒಗ್ಗದು’ ಎಂದು ಗುಲಾಮಗಿರಿಯ ಸಮರ್ಥಕರು ವಾದಿಸಿದರು. ಎಡ್ವರ್ಡ್ ಜಾರ್ವಿಸ್ ಎಂಬ ವೈದ್ಯ ಅಂಕಿಗಳನ್ನು ತಾಳೆ ನೋಡಿದ. ವೋರ್ಸೆಸ್ಟರ್ ಎಂಬ ಊರಿನಲ್ಲಿ ಎಣಿಸಲಾಗಿದ್ದ 133 ಕಪ್ಪು ಮನೋರೋಗಿಗಳು ವಾಸ್ತವವಾಗಿ ಅಲ್ಲಿನ ಆಸ್ಪತ್ರೆಯ ಬಿಳಿಯ ರೋಗಿಗಳಾಗಿದ್ದರು! ಕೆಲವು ಊರುಗಳಲ್ಲಂತೂ ಒಟ್ಟು ಕಪ್ಪು ನಿವಾಸಿಗಳಿಗಿಂತ ಕಪ್ಪು ಮನೋರೋಗಿಗಳ ಸಂಖ್ಯೆಯೇ ಹೆಚ್ಚಾಗಿತ್ತು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಗುಲಾಮರು ತಪ್ಪಿಸಿಕೊಂಡು ಓಡಿಹೋಗುವುದೇ ಒಂದು ಮನೋರೋಗವೆಂದು ಹೇಳಿ, ಅದಕ್ಕೆ ‘ಡ್ರೇಪಟೋಮೇನಿಯಾ’ ಎಂದು ಹೆಸರಿಟ್ಟ. ಹೊರೆಯನ್ನು ಕಾಣದವನಿಗೆ ಬಿಡುಗಡೆಯ ಆಸೆಯೂ ರೋಗವಾಗಿ ಕಂಡಿತು.

ಇಪ್ಪತ್ತೊಂದನೆಯ ಶತಮಾನದಲ್ಲಿ ಅಳತೆ ಸುಧಾರಿಸಿದೆ. 2007ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದರ ಪ್ರಕಾರ, ಜೀವಿತಾವಧಿಯಲ್ಲಿ ತೀವ್ರ ಖಿನ್ನತೆಗೆ ಒಳಗಾದವರು ಬಿಳಿಯರಲ್ಲಿ ಶೇಕಡ 17.9, ಆಫ್ರೋ-ಅಮೆರಿಕನ್ನರಲ್ಲಿ ಶೇಕಡ 10.4. ಇಷ್ಟಕ್ಕೇ ನಿಂತರೆ ಕಪ್ಪು ಜನ ಸುಖಿಗಳೆಂದು ತೋರುತ್ತದೆ. ಆದರೆ ಒಮ್ಮೆ ಬಂದ ಖಿನ್ನತೆ ದೀರ್ಘಕಾಲ ಉಳಿದದ್ದು ಆಫ್ರೋ-ಅಮೆರಿಕನ್ನರಲ್ಲೇ ಹೆಚ್ಚು: ಶೇಕಡ 56.5, ಬಿಳಿಯರಲ್ಲಿ ಶೇಕಡ 38.6. ಒಂದೇ ಅಂಕಿಯಿಂದ ತೀರ್ಮಾನಕ್ಕೆ ಬರಬಾರದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ನಮ್ಮ ತರಗತಿಗಳಲ್ಲಿ

ಇದು ಅಮೆರಿಕದ ಮಾತಾಯಿತು, ನಮಗೇನು ಎನ್ನುವಂತಿಲ್ಲ. ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿಯಿದೆ. 2011ರ ಜನಗಣತಿಯಂತೆ ಅವಿಭಜಿತ ಬಳ್ಳಾರಿ ಜಿಲ್ಲೆಯ ಜನರಲ್ಲಿ ಶೇಕಡ ಸುಮಾರು 21 ಪರಿಶಿಷ್ಟ ಜಾತಿ, ಶೇಕಡ 18 ಪರಿಶಿಷ್ಟ ಪಂಗಡ. ಐವರಲ್ಲಿ ಸುಮಾರು ಇಬ್ಬರು ಎಂದಾಯಿತು.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳ 6 ಮತ್ತು 7ನೆಯ ತರಗತಿಯ ಹುಡುಗರಿಗೆ ಬಿಡಿಸಲು ಚಕ್ರವ್ಯೂಹದಂಥ ಒಗಟುಗಳನ್ನು ಕೊಟ್ಟರು. ಜಾತಿಯ ಮಾತೆತ್ತದಿದ್ದಾಗ ಎಲ್ಲರೂ ಸರಿಸಮವಾಗಿ ಬಿಡಿಸಿದರು. ಹೆಸರಿನೊಡನೆ ಜಾತಿಯನ್ನೂ ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಸುಮಾರು ಕಾಲುಭಾಗದಷ್ಟು ಕುಸಿಯಿತು. ಬುದ್ಧಿ ಬದಲಾಗಿರಲಿಲ್ಲ, ಹೊರೆ ಬದಲಾಗಿತ್ತು. 2004ರಲ್ಲಿ ಹೊರಬಂದ ಈ ಅಧ್ಯಯನವನ್ನು ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಪ್ರತಿಯೊಬ್ಬ ಅಧ್ಯಾಪಕರೂ ತಿಳಿಯಬೇಕು. ಉನ್ನತ ಶಿಕ್ಷಣದಲ್ಲಿಯೂ ಸ್ಥಿತಿ ಭಿನ್ನವಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳು ಎದುರಿಸುವ ತಾರತಮ್ಯವನ್ನು ಸುಖದೇವ್ ಥೋರಟ್ ಸಮಿತಿ 2007ರಲ್ಲಿಯೇ ವರದಿ ಮಾಡಿತ್ತು. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಅವರ ಸಾವು ಈ ಪ್ರಶ್ನೆಯನ್ನು ದೇಶದ ಮುಂದಿಟ್ಟಿತು.

ಒಂದು ಕಿರು ಅವಮಾನದಿಂದ ಯಾರೂ ಮುರಿಯುವುದಿಲ್ಲ ಎನ್ನುವವರುಂಟು. ಇದಕ್ಕೆ ಲೋಹಶಾಸ್ತ್ರದಲ್ಲಿ ಉತ್ತರವಿದೆ. 19ನೆಯ ಶತಮಾನದಲ್ಲಿ ರೈಲಿನ ಅಚ್ಚುಗಳು ಹೊರಬಲ್ಲ ಹೊರೆಗಿಂತ ಎಷ್ಟೋ ಕಡಿಮೆ ಹೊರೆಯಲ್ಲಿಯೇ ಮುರಿಯುತ್ತಿದ್ದವು. ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದ. ಸಣ್ಣ ಹೊರೆಯೇ ಲಕ್ಷಾಂತರ ಸಲ ಬಿದ್ದು ಎತ್ತಿದಾಗ ಒಳಗೆ ಬಿರುಕು ಬೆಳೆಯುತ್ತದೆ ಎಂದು ತೋರಿಸಿದ. ಅಮೆರಿಕದ ಅರ್ಲೀನ್ ಜೆರೋನಿಮಸ್ 1992ರಲ್ಲಿ ಮಂಡಿಸಿದ ವಾದವೂ ಇದನ್ನೇ ಹೋಲುತ್ತದೆ: ನಿರಂತರ ತಾರತಮ್ಯ ದೇಹವನ್ನು ವಯಸ್ಸಿಗೆ ಮುನ್ನವೇ ಸವೆಸುತ್ತದೆ. ಆದರೆ ಮನುಷ್ಯ ಲೋಹವಲ್ಲ. ವಿಶ್ರಾಂತಿ, ಸ್ನೇಹ, ಚಿಕಿತ್ಸೆಗಳಿಂದ ಅವನು ಚೇತರಿಸಿಕೊಳ್ಳಬಲ್ಲ.

ಕಾಣುವ ಕಣ್ಣು

ಚೇತರಿಸಿಕೊಳ್ಳಲು ಮೊದಲು ಯಾರಾದರೂ ಗುರುತಿಸಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ತೀವ್ರ ಖಿನ್ನತೆಯುಳ್ಳ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಖಿನ್ನತೆ ಪತ್ತೆಯಾಗುವುದು ಹೆಂಗಸರಲ್ಲಿ ಹೆಚ್ಚು. ಆದರೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1,70,924 ಜನರಲ್ಲಿ ಶೇಕಡ ಸುಮಾರು 72 ಗಂಡಸರು. ಒಟ್ಟು ಸತ್ತವರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ದಿನಗೂಲಿಗಳು. ಗಂಡಸರ ಖಿನ್ನತೆಯನ್ನು ನಮ್ಮ ಅಳತೆ ಪೂರ್ತಿ ಹಿಡಿಯುತ್ತಿಲ್ಲ ಎಂಬುದಕ್ಕೆ ಇದೊಂದು ಸೂಚನೆ.

ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕದಲ್ಲಿರಲಿ, ಸಿರುಗುಪ್ಪದ ಭತ್ತದ ಗದ್ದೆಯಲ್ಲಿರಲಿ, ಕುರುಗೋಡಿನ ಕಾಲುವೆ ಬಯಲಿನಲ್ಲಿರಲಿ, ಯುವಕನೊಬ್ಬ ‘ನನಗೆ ಖಿನ್ನತೆ’ ಎಂದು ಹೇಳುವುದು ಅಪರೂಪ. ಮೈಕೈ ನೋವು, ತಲೆಭಾರ, ನಿಶ್ಶಕ್ತಿ, ನಿದ್ದೆ ಹತ್ತುವುದಿಲ್ಲ ಎನ್ನುತ್ತಾನೆ. ಇಲ್ಲವೇ ಸಿಡುಕುತ್ತಾನೆ, ಕುಡಿತಕ್ಕೆ ಬೀಳುತ್ತಾನೆ, ಕಾಲೇಜು ಬಿಡುತ್ತಾನೆ. ನಾವು ಅದನ್ನು ಸೋಮಾರಿತನ, ಉಡಾಫೆ ಎಂದು ಬರೆದುಕೊಳ್ಳುತ್ತೇವೆ. ಹಾಗೆ ಬರೆದುಕೊಳ್ಳುವಾಗ ನಾವೂ ಕಾರ್ಟ್‌ರೈಟನ ಸಾಲಿಗೆ ಸೇರುತ್ತೇವೆ.

1985ರ ಪ್ರಯೋಗ ತೋರಿಸಿದ್ದು ಇಷ್ಟೆ: ಗುರುತಿಸುವ ಕಣ್ಣು ತಜ್ಞರ ಸೊತ್ತಲ್ಲ, ಹತ್ತಿರದಲ್ಲಿ ಇರುವವರಿಗೆ ಅದನ್ನು ಕಲಿಸಬಹುದು. ವಿದ್ಯಾರ್ಥಿಗೆ ಅತ್ಯಂತ ಹತ್ತಿರದಲ್ಲಿ ಇರುವವರು ಅಧ್ಯಾಪಕರು. ಎರಡು ವಾರಕ್ಕೂ ಮೀರಿ ಮಂಕಾಗಿರುವ, ಗೆಳೆಯರಿಂದ ದೂರವಾದ, ಇಷ್ಟದ ಆಟವನ್ನೂ ಬಿಟ್ಟ ಹುಡುಗನನ್ನು ಪಕ್ಕಕ್ಕೆ ಕರೆದು ಮಾತನಾಡಿಸಬೇಕು. ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳಬೇಕು. ಅವನ ಮೇಲಿನ ಹೊರೆ ಸಾಲವೋ ಹಸಿವೋ ಅವಮಾನವೋ ಎಂದು ತಿಳಿಯಬೇಕು. ಆ ಹೊರೆ ನಮ್ಮ ತರಗತಿಯಲ್ಲೇ ಹುಟ್ಟಿದ್ದರೆ ಅದನ್ನು ಇಳಿಸುವುದು ನಮ್ಮದೇ ಕೆಲಸ. ಅನಂತರ ಅವನನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಶಾಲೆ-ಕಾಲೇಜಿನ ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿಸೋಣ.