ಮಾಸ್ಟ್‌ನ ಬಾಗು ಮತ್ತು ಹಾಯಿಯ ವಿನ್ಯಾಸ: ವಿಂಡ್‌ಸರ್ಫಿಂಗ್‌ನ ಹೊಂದಾಣಿಕೆ ಸೂಚ್ಯಂಕದ ಪರಿಶೀಲನೆ

ವಿಂಡ್‌ಸರ್ಫಿಂಗ್ ಹಾಯಿಯನ್ನು ನೆಲದ ಮೇಲೆ ಹರವಿದರೆ ಅದರ ಮುಂಚೂಣಿಯ ಅಂಚು, ಅಂದರೆ ಲಫ್, ಬಿಲ್ಲಿನಂತೆ ಬಾಗಿರುವುದು ಕಾಣುತ್ತದೆ. ಅದರೊಳಗೆ ತೂರಿಸುವ ಮಾಸ್ಟ್ ಮಾತ್ರ ನೇರ. ಬುಡದ ಡೌನ್‌ಹಾಲ್ ಹಗ್ಗವನ್ನು ರಾಟೆಗಳ ಮೂಲಕ ಬಲವಾಗಿ ಎಳೆದಾಗ ಮಾಸ್ಟ್ ಬಾಗಿ, ಕತ್ತರಿಸಿಟ್ಟ ಆ ವಕ್ರರೇಖೆಗೆ ಹೊಂದಿಕೊಳ್ಳುತ್ತದೆ. ಈ ಹೊಂದಾಣಿಕೆಯಲ್ಲಿ ಮಾಸ್ಟ್ ಎಷ್ಟು ಬಾಗುತ್ತದೆ ಎನ್ನುವುದಕ್ಕಿಂತ ಎಲ್ಲಿ ಬಾಗುತ್ತದೆ ಎನ್ನುವುದೇ ಮುಖ್ಯ. ಬಳಕೆಯಲ್ಲಿರುವ ಒಂಟಿ ಅಂಕಿ ಇದನ್ನು ಅರ್ಧ ಮಾತ್ರ ಹೇಳುತ್ತದೆ ಎಂಬುದು ಈ ಲೇಖನದ ವಾದ.

ಬಿಗಿತ ಮತ್ತು ಬಾಗು ಅಳೆಯುವ ಐಎಂಸಿಎಸ್ (ಇಂಡೆಕ್ಸ್ಡ್ ಮಾಸ್ಟ್ ಚೆಕ್ ಸಿಸ್ಟಮ್) ಪದ್ಧತಿಯಲ್ಲಿ ಮಾಸ್ಟ್‌ನ ಎರಡೂ ತುದಿಗಳಿಗೆ ಆಧಾರ ಕೊಟ್ಟು, ನಟ್ಟನಡುವೆ 30 ಕಿಲೊ ಭಾರ ತೂಗಿಬಿಡುತ್ತಾರೆ. ಉದ್ದವನ್ನು ನಡುವಿನ ಕುಸಿತದಿಂದ ಭಾಗಿಸಿದರೆ ಬಿಗಿತದ ಅಂಕಿ ಸಿಗುತ್ತದೆ. 460 ಸೆಂ.ಮೀ. ಮಾಸ್ಟ್‌ಗೆ ಇದು ಸಾಮಾನ್ಯವಾಗಿ 25. ಅಂದರೆ ನಡುವೆ 18.4 ಸೆಂ.ಮೀ. ಕುಸಿತ. ಕೆಳಗಿನ ಮತ್ತು ಮೇಲಿನ ಕಾಲುಭಾಗಗಳ ಕುಸಿತವನ್ನು ನಡುವಿನ ಕುಸಿತದ ಶೇಕಡಾವಾರಿನಲ್ಲಿ ಬರೆದು, ಮೇಲಿನದರಿಂದ ಕೆಳಗಿನದನ್ನು ಕಳೆಯುತ್ತಾರೆ. ವ್ಯತ್ಯಾಸ 12ರ ಆಸುಪಾಸಿನಲ್ಲಿದ್ದರೆ ಕಾನ್‌ಸ್ಟಂಟ್ ಕರ್ವ್, ಸಾಕಷ್ಟು ಹೆಚ್ಚಿದ್ದರೆ ಫ್ಲೆಕ್ಸ್ ಟಾಪ್, ಕಡಿಮೆಯಿದ್ದರೆ ಹಾರ್ಡ್ ಟಾಪ್.

ತೊಡಕು ಇರುವುದು ಈ ಕಳೆಯುವ ಲೆಕ್ಕದಲ್ಲೇ. ಬುಡದಿಂದ ತುದಿಯವರೆಗೆ ಒಂದೇ ಬಿಗಿತದ ಕೊಳವೆಯಾಗಿದ್ದರೆ ಎರಡೂ ಕಾಲುಭಾಗಗಳಲ್ಲಿ ಶೇ. 68.75 ಬರಬೇಕು, ವ್ಯತ್ಯಾಸ ಸೊನ್ನೆ. ನಿಜವಾದ ಮಾಸ್ಟ್ ತುದಿಯತ್ತ ಸಪೂರವಾಗುವುದರಿಂದ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಈಗ ಒಂದೇ ಉದ್ದ, ಒಂದೇ ಬಿಗಿತದ ಎರಡು ಮಾಸ್ಟ್‌ಗಳನ್ನು ಊಹಿಸಿಕೊಳ್ಳೋಣ. ಒಂದರದು 64 ಮತ್ತು 76, ಇನ್ನೊಂದರದು 61 ಮತ್ತು 73. ಎರಡಕ್ಕೂ ವ್ಯತ್ಯಾಸ 12, ಹೆಸರೂ ಒಂದೇ. ಆದರೆ 460 ಸೆಂ.ಮೀ. ಉದ್ದದಲ್ಲಿ ಎರಡೂ ಕಾಲುಭಾಗಗಳಲ್ಲಿ ಎರಡನೆಯದರ ಕುಸಿತ ಮೊದಲನೆಯದಕ್ಕಿಂತ ಕಡಿಮೆ, ಅಂತರ ಅರ್ಧ ಸೆಂ.ಮೀ.ಗೂ ಮಿಗಿಲು; ಅದರ ಬಾಗು ನಡುಭಾಗಕ್ಕೇ ಒತ್ತರಿಸಿಕೊಂಡಿರುತ್ತದೆ. ಲಫ್ ವಕ್ರತೆಯಲ್ಲಿ ಇಷ್ಟು ಅಂತರ ಅಲಕ್ಷಿಸುವಂಥದ್ದಲ್ಲ.

ಹೊಂದದ ಮಾಸ್ಟ್‌ನ ಪರಿಣಾಮ ದಡದಲ್ಲೇ ಗೊತ್ತಾಗುತ್ತದೆ. ಕಾನ್‌ಸ್ಟಂಟ್ ಕರ್ವ್ ಹಾಯಿಗೆ ಫ್ಲೆಕ್ಸ್ ಟಾಪ್ ಮಾಸ್ಟ್ ಹಾಕಿದರೆ ತುದಿ ಬೇಗನೆ ಹಿಂದಕ್ಕೆ ಬಾಗುತ್ತದೆ. ಮೇಲಿನ ಲೀಚ್, ಅಂದರೆ ಹಿಂಬದಿಯ ಅಂಚು, ಸಡಿಲಬಿದ್ದು ಡೌನ್‌ಹಾಲ್ ಸಾಕೆನಿಸುತ್ತದೆ; ಕೆಳಭಾಗಕ್ಕೆ ಅಷ್ಟು ಎಳೆತ ಸಾಲದು. ಸವಾರ ಹಿಡಿಯುವ ಬೂಮ್‌ನ ಬಳಿ ಹಾಯಿಗೆ ಆಕಾರ ಕೊಡುವ ಅಡ್ಡಕಡ್ಡಿಗಳು, ಅಂದರೆ ಬ್ಯಾಟನ್‌ಗಳು, ಮಾಸ್ಟ್ ದಾಟಿ ಮುಂದಕ್ಕೆ ಚಾಚಿಕೊಂಡಿರುತ್ತವೆ, ದಿಕ್ಕು ಬದಲಿಸುವಾಗ ಸಲೀಸಾಗಿ ಮಗ್ಗುಲು ಹೊರಳುವುದಿಲ್ಲ. ಹಾರ್ಡ್ ಟಾಪ್ ಮಾಸ್ಟ್‌ನಲ್ಲಿ ಇದು ತಿರುವುಮುರುವು: ಲೀಚ್ ಬಿಡಿಸಲು ಎಳೆದಷ್ಟೂ ಕೆಳಗಿನ ಉಬ್ಬು ಚಪ್ಪಟೆಯಾಗಿ ಹಾಯಿ ಬಲ ಕಳೆದುಕೊಳ್ಳುತ್ತದೆ. ಗಾಳಿಯ ರಭಸ ಏರಿದಾಗ ಮೇಲ್ಭಾಗ ಸಡಿಲಿಸಿ ಹೊರೆ ಇಳಿಸಬೇಕಾದ ಹಾಯಿ ಸವಾರನ ಕೈಗೇ ಭಾರ ಹೊರಿಸುತ್ತದೆ. ಇಂಥ ಸಂದರ್ಭದಲ್ಲಿ ದೋಷವನ್ನು ಹಾಯಿಯ ತಲೆಗೆ ಕಟ್ಟುವುದು ಅನ್ಯಾಯ.

ಇನ್ನೊಂದು ಅಂಶವನ್ನು ಐಎಂಸಿಎಸ್ ಅಳೆಯುವುದೇ ಇಲ್ಲ. 467 ಸೆಂ.ಮೀ. ಲಫ್ ಇರುವ ಹಾಯಿಗೆ 460ರ ಮಾಸ್ಟ್ ಜೊತೆ 7 ಸೆಂ.ಮೀ. ಎಕ್ಸ್‌ಟೆನ್ಷನ್ ಸಾಕು; 430ರದ್ದಾದರೆ 37 ಸೆಂ.ಮೀ. ಬೇಕು. ಬುಡಕ್ಕೆ ಸೇರುವ ಆ ಗಟ್ಟಿ ಕೊಳವೆ ಬಾಗುವುದು ಅತ್ಯಲ್ಪ. ಹೀಗಾಗಿ ಬಾಗಿನ ನಡುಬಿಂದು ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಹಾಯಿಯ ಮೇಲೆ ಒಂದು ವ್ಯತ್ಯಾಸದ ಬದಲು ಎರಡೂ ಶೇಕಡಾವಾರುಗಳನ್ನು ಮುದ್ರಿಸಿ, ಯಾವ ಎಕ್ಸ್‌ಟೆನ್ಷನ್ ಉದ್ದಕ್ಕೆ ಲಫ್ ಕತ್ತರಿಸಲಾಗಿದೆ ಎಂಬುದನ್ನೂ ತಯಾರಕರು ನಮೂದಿಸಬೇಕು.