ಜನನ ನೋಂದಣಿ: ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಿರಿಯ ಕ್ರೈಸ್ತರಲ್ಲಿ ಅನೇಕರಿಗೆ ಚರ್ಚಿನ ದೀಕ್ಷಾಸ್ನಾನದ ಪತ್ರವೇ ಜನ್ಮದಿನಾಂಕದ ಆಧಾರವಾಗಿತ್ತು. ಇಂದಿನ ಮಕ್ಕಳಿಗೆ ಅದು ಸಾಲದು. 2023ರ ತಿದ್ದುಪಡಿ ಕಾಯ್ದೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ ಮುಂತಾದವುಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ದಾಖಲೆ.

ಅವಧಿ: ಜನನವನ್ನು 21 ದಿನಗಳೊಳಗೆ ತಿಳಿಸಬೇಕು, ನೋಂದಣಿ ಉಚಿತ. 30 ದಿನಗಳವರೆಗೆ ವಿಳಂಬ ಶುಲ್ಕವಿದೆ. ಅನಂತರ ಒಂದು ವರ್ಷದವರೆಗೆ ಜಿಲ್ಲಾ ನೋಂದಣಾಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಕಳೆದರೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಯಂಥವರ ಆದೇಶ ಬೇಕು.

ಯಾರು ತಿಳಿಸಬೇಕು: ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅಲ್ಲಿನ ವೈದ್ಯಾಧಿಕಾರಿ; ಮನೆಯಲ್ಲಾದರೆ ಮನೆಯ ಯಜಮಾನರು.

ಹೆಸರು: ದೀಕ್ಷಾಸ್ನಾನದ ದಿನ ಹೆಸರಿಡುವವರೆಗೆ ನೋಂದಣಿಗೆ ಕಾಯಬೇಕಾಗಿಲ್ಲ. ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಒಂದು ವರ್ಷದೊಳಗೆ ಹೆಸರನ್ನು ಉಚಿತವಾಗಿ ಸೇರಿಸಬಹುದು. 15 ವರ್ಷಗಳವರೆಗೆ ಶುಲ್ಕ ತೆತ್ತು ಸೇರಿಸಬಹುದು.

ಪ್ರಮಾಣಪತ್ರ ಕೈಗೆ ಬಂದಾಗ ಮಗುವಿನ, ತಂದೆತಾಯಿಯ ಹೆಸರು ಹಾಗೂ ಕುಲನಾಮದ ಅಕ್ಷರಗಳನ್ನು ಅಲ್ಲಿಯೇ ಪರಿಶೀಲಿಸಿರಿ. ದೀಕ್ಷಾಸ್ನಾನಕ್ಕೆ ಹೆಸರು ಕೊಡುವಾಗ ಅದರ ಪ್ರತಿಯನ್ನೂ ಒಯ್ದರೆ ಎರಡೂ ದಾಖಲೆಗಳು ಒಂದೇ ರೀತಿ ಇರುತ್ತವೆ.